ಮೇಸ್ತ್ರಿ ಕತ್ತರಿಸಿ ಕೊಟ್ಟ ಬೆಲ್ಟು

ನರ್ಸಮ್ಮನ ಹಳೇ ಡೀಸೆಲ್ ಕಾರು ಇನ್ನೊಂದು ಗಾಡಿಯ ಹಗ್ಗ ಹಿಡಿದುಕೊಂಡು ಗ್ಯಾರೇಜಿನ ಬಾಗಿಲಿಗೆ ಬಂದಾಗ ಭಾಮೈದ ಒಂದು ವ್ಯಾನಿನ ಕೆಳಗೆ ಮಲಗಿದ್ದ. ಭಾಮೈದ ಅಂದರೆ ಮೇಸ್ತ್ರಿಯ ಭಾಮೈದ, ಹೆಂಡತಿಯ ತಮ್ಮ. ಮೀಸೆ ಮೂಡುವ ಮೊದಲೇ ಅಕ್ಕನ ಸೆರಗು ಹಿಡಿದು ಬಂದು ಇಲ್ಲಿ ಸೇರಿಕೊಂಡವನು. ಮೇಸ್ತ್ರಿ ಎಲ್ಲರ ಮುಂದೆ ಹಾಗೇ ಕರೆದೂ ಕರೆದೂ ಈಗ ಇಡೀ ಬೀದಿಗೆ ಅವನು ಭಾಮೈದನೇ. ಅಂಚೆಯವನಿಗೂ ಭಾಮೈದ, ಎದುರಿನ ಕ್ಷೌರದಂಗಡಿಯವನಿಗೂ ಭಾಮೈದ. ಇಷ್ಟು ಜನ ಭಾವಂದಿರನ್ನು ಸಂಭಾಳಿಸುವ ಕರ್ಮ ಶತ್ರುವಿಗೂ ಬೇಡ ಎಂದು ಅವನು ನಗುತ್ತಿದ್ದ. ನಗುತ್ತಿದ್ದದ್ದು ಹಿಂದೆ. ಈಗ ಒಬ್ಬ ಭಾವನನ್ನು ಸಂಭಾಳಿಸುವಷ್ಟರಲ್ಲೇ ಅವನ ಉಸಿರು ಬಾಯಿಗೆ ಬರುತ್ತಿತ್ತು.

ಕಾರಿನಿಂದ ಇಳಿದ ನರ್ಸಮ್ಮ ಅದರ ಬಾಗಿಲೂ ಹಾಕದೆ ಓಡಿ ಬಂದಳು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಮುದುಕರನ್ನೂ ನೋಡಿಕೊಳ್ಳುವ ಹೆಂಗಸು, ಸುಲಭಕ್ಕೆ ಗಾಬರಿಯಾಗುವವಳಲ್ಲ.

"ಸೇತುವೆ ಮೇಲೆ ನಿಂತುಬಿಡ್ತು ಕಣಪ್ಪ. ಟಪ್ ಅಂತ ಒಂದು ಸದ್ದು, ಅಷ್ಟೇ. ಸ್ಟೇರಿಂಗ್ ತಿರುಗಲ್ಲ, ಬ್ರೇಕ್ ಒತ್ತಿದರೆ ಕಲ್ಲು. ಹಿಂದೆ ಲಾರಿ ಹಾರ್ನ್ ಹೊಡೀತಾ ಬರ್ತಿದೆ. ಪಕ್ಕದ ಸೀಟಲ್ಲಿ ಬಾಣಂತಿ, ಅವಳ ಮಡಿಲಲ್ಲಿ ಎಳೇ ಕೂಸು. ಅದು ಹೇಗೆ ಪಕ್ಕಕ್ಕೆ ತಂದೆನೋ ನನಗೇ ಗೊತ್ತಿಲ್ಲ."

ಭಾಮೈದನಿಗೆ ನೋಡುವ ಮೊದಲೇ ಗೊತ್ತಾಯಿತು. ಓಡುವ ಡೀಸೆಲ್ ಇಂಜಿನ್ನು ಒಂದೇ ಸದ್ದಿಗೆ ಹಾಗೆ ಸತ್ತರೆ ಹರಿದದ್ದು ಟೈಮಿಂಗ್ ಬೆಲ್ಟು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟ. ಆದರೆ ಆ ಬೆಲ್ಟು ಹರಿಯುವ ಹಾಗಿರಲಿಲ್ಲ. ಕಳೆದ ಸೆಕೆಗಾಲದಲ್ಲಷ್ಟೇ ಹೊಸದು ಹಾಕಿದ್ದು.

ಅಷ್ಟರಲ್ಲಿ ಭಾವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಇಸ್ತ್ರಿ ಮಾಡಿದ ನೀಲಿ ಮೇಲಂಗಿ, ಬಾಚಿದ ಬಿಳಿ ತಲೆ, ಮದುಮಗನ ಠೀವಿ. "ಬೆಲ್ಟ್ ಅಂತೀರಾ? ಸಾಧ್ಯವೇ ಇಲ್ಲ ನರ್ಸಮ್ಮ. ನಾನೇ ಹಾಕಿದ್ದು. ಹಳೇದನ್ನ ಕತ್ತರಿಸಿ ನಿಮ್ಮ ಕೈಗೆ ಕೊಟ್ಟಿಲ್ವಾ?"

"ಕೊಟ್ಟಿದೀರ ಮೇಸ್ತ್ರಿ. ನಮ್ಮನೇ ಗೇಟಿಗೆ ಕಟ್ಟಿದೀನಿ."

"ಮತ್ತೆ!" ಎಂದು ಭಾವ ಭಾಮೈದನ ಕಡೆ ತಿರುಗಿ ಗೆದ್ದವನ ಹಾಗೆ ಹುಬ್ಬು ಹಾರಿಸಿದ. ಇಂಥ ದೊಡ್ಡ ವಿಷಯ ಭಾವನಿಗೆ ನೆನಪಿದೆಯಲ್ಲ ಎಂದು ಭಾಮೈದನಿಗೆ ಒಂದು ಗಳಿಗೆ ಸಂತೋಷವೇ ಆಯಿತು.

ಬೆಲ್ಟ್ ಕತ್ತರಿಸುವುದು ಈ ಗ್ಯಾರೇಜಿನ ಪದ್ಧತಿ. ಭಾವ ಹೊಸದಾಗಿ ಬಾಗಿಲು ತೆರೆದ ಕಾಲದಲ್ಲಿ ಕೆಲವು ಗ್ಯಾರೇಜಿನವರು ಹಳೇ ಬೆಲ್ಟನ್ನೇ ಒರೆಸಿ ಮತ್ತೆ ಹಾಕಿ ಹೊಸದೆಂದು ಹೇಳಿ ಕಳಿಸುತ್ತಿದ್ದರು. ಬೆಲ್ಟು ಇರುವುದು ಕವರಿನ ಒಳಗೆ, ಯಾರು ನೋಡಬೇಕು? ಅದಕ್ಕೆ ಭಾವ ಒಂದು ಹಟ ಹಿಡಿದ. ಬಿಚ್ಚಿದ ಬೆಲ್ಟನ್ನು ಗಾಡಿಯವರ ಕಣ್ಣೆದುರೇ ತಗಡು ಕತ್ತರಿಸುವ ದೊಡ್ಡ ಕತ್ತರಿಯಿಂದ ಕಚಕ್ಕೆಂದು ತುಂಡು ಮಾಡಿ, "ಇಗೋ, ಇನ್ನು ಇದು ಯಾವ ಇಂಜಿನ್ನಿಗೂ ಹೋಗಲ್ಲ" ಎಂದು ಎರಡೂ ಕೈಯಿಂದ ಕೊಡುತ್ತಿದ್ದ. ಊರಿನ ಅರ್ಧ ಮನೆಗಳಲ್ಲಿ ಆ ತುಂಡುಗಳಿವೆ. ಯಾರದೋ ಬಾಗಿಲು ಬಡಿಯದಂತೆ ಸಿಕ್ಕಿಸಿದ್ದಾರೆ, ಯಾರದೋ ಮನೆಯಲ್ಲಿ ಬಿಗಿಯಾದ ಡಬ್ಬದ ಮುಚ್ಚಳ ತೆಗೆಯಲು ಅದೇ ಬೇಕು. ಭಾವನ ಮಾತಿಗೆ ಸಹಿ ಬೇಡ, ಕತ್ತರಿ ಸಾಕು ಎಂದು ಜನ ಹೇಳುತ್ತಿದ್ದರು.

ಆ ಭಾವನಿಗೆ ಮರೆವು ಹಿಡಿದು ಬಹಳ ಕಾಲವಾಗಿತ್ತು. ಮೊದಲು ಹೆಸರು ಹೋದವು, ಆಮೇಲೆ ಬೆಳಗ್ಗೆ ಆಡಿದ ಮಾತು ಸಂಜೆಗೆ ಇರುತ್ತಿರಲಿಲ್ಲ. ಡಾಕ್ಟರು ಇದು ವಯಸ್ಸಿನ ಮರೆವಲ್ಲ, ಮೆದುಳಿನ ಕಾಯಿಲೆ, ಇಳಿಯುವುದೇ ಹೊರತು ಏರುವುದಿಲ್ಲ ಎಂದು ಅಕ್ಕನಿಗೆ ಬಿಡಿಸಿ ಹೇಳಿದ್ದರು. ಅಂದೇ ಅಕ್ಕ ತಮ್ಮನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡಿದ್ದಳು. "ಗ್ಯಾರೇಜ್ ಬಿಡಿಸಿದ್ರೆ ಇವರು ಬದುಕಲ್ಲ ಕಣೋ. ಇವರು ಮಾಡಿದ್ದನ್ನೆಲ್ಲ ಹಿಂದಿಂದ ಒಂದು ಸಲ ನೋಡಿಬಿಡು. ನಿನ್ನ ಕಾಲಿಗೆ ಬೀಳ್ತೀನಿ." ಭಾಮೈದ ಒಪ್ಪಿದ. ಒಂದೇ ಒಂದು ಮಾತು ಸೇರಿಸಿದ: ಯಾರದಾದರೂ ಜೀವಕ್ಕೆ ಕುತ್ತು ತರುವಂಥ ತಪ್ಪಾದ ದಿನ ಭಾವ ಕೈ ತೊಳೆದುಕೊಂಡು ಮನೆಯಲ್ಲಿ ಕೂರಬೇಕು. ಅಕ್ಕ ಅದಕ್ಕೂ ತಲೆ ಆಡಿಸಿದ್ದಳು. ಅಂದಿನಿಂದ ಭಾಮೈದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಭಾವ ಬಿಗಿದ ಬೋಲ್ಟನ್ನು ಅವನು ಅತ್ತ ಹೋದ ಮೇಲೆ ಮತ್ತೆ ಬಿಗಿಯುವನು. ಭಾವ ಎಲ್ಲೋ ಇಡುವ ಕೀಲಿಗಳನ್ನು ತನ್ನ ಜೇಬಿಗೆ ಹಾಕಿಕೊಳ್ಳುವನು.

ಕಾರನ್ನು ಒಳಗೆ ತಳ್ಳಿ ಕವರ್ ಬಿಚ್ಚಿದ. ಬೆಲ್ಟು ಹರಿದು, ಕೆಳಗಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಬಿದ್ದಿತ್ತು. ಬೆಲ್ಟ್ ಹರಿಯುವುದು ದೊಡ್ಡದಲ್ಲ, ಅದರ ಹಿಂದೆ ಬರುವುದು ದೊಡ್ಡದು. ಇಂಥ ಇಂಜಿನ್ನಿನಲ್ಲಿ ಮೇಲಿಂದ ಇಳಿಯುವ ವಾಲ್ವಿಗೂ ಕೆಳಗಿಂದ ಏರುವ ಪಿಸ್ಟನ್ನಿಗೂ ಇರುವುದು ಒಂದೇ ಜಾಗ. ಒಂದೇ ಬಚ್ಚಲಮನೆ ಇರುವ ಸಂಸಾರದ ಹಾಗೆ, ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು ಹೋಗಬೇಕು. ಆ ಸರದಿ ಕಾಯುವುದೇ ಬೆಲ್ಟು. ಅದು ಇಲ್ಲವಾದ ಕ್ಷಣದಲ್ಲಿ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತದೆ. ಭಾಮೈದ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ನೋಡಿದಾಗ ವಾಲ್ವುಗಳೆಲ್ಲ ಸೊಟ್ಟಗಾಗಿದ್ದವು. ಆ ಹೆಡ್ ಲೇತ್ ಅಂಗಡಿಗೆ ಹೋಗಿ ರಿಪೇರಿಯಾಗಿ ಬರುವವರೆಗೆ ಕಾರು ಬಾಯಿ ತೆರೆದುಕೊಂಡು ಇಲ್ಲೇ ನಿಂತಿರಬೇಕು.

ಹರಿದ ಬೆಲ್ಟನ್ನು ಬೆಳಕಿಗೆ ಹಿಡಿದ. ಬೆನ್ನಿನ ತುಂಬ ಸೀಳು, ಹಲ್ಲುಗಳ ಬುಡದಲ್ಲಿ ಬಿರುಕು, ಮೈಯೆಲ್ಲ ಸವೆದು ಹೊಳಪು. ಒಂದು ಸೆಕೆಗಾಲದಿಂದ ಈ ಚಳಿಗಾಲಕ್ಕೆ ಬೆಲ್ಟು ಇಷ್ಟು ಮುದಿಯಾಗುವುದಿಲ್ಲ.

"ನಕಲಿ ಮಾಲು!" ಎಂದ ಭಾವ, ಹೆಗಲ ಮೇಲಿಂದ ಇಣುಕಿ. "ಆ ಡಬ್ಬಿ ನಮ್ಮ ತಲೆಗೇ ಟೋಪಿ ಹಾಕಿದಾನೆ. ಹೋಗಿ ಮುಖದ ಮೇಲೆ ಎಸೆದು ಬಾ."

ಭಾಮೈದ ಆ ಮಾತನ್ನು ಮುಳುಗುವವನು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡ. ನಕಲಿಯೇ ಇರಬೇಕು. ನಕಲಿಯೇ ಆಗಿರಲಿ.

ಡಬ್ಬಿ ಅಂದರೆ ಬಿಡಿಭಾಗದ ಅಂಗಡಿಯವನು. ನೆಲದಿಂದ ಸೂರಿನವರೆಗೆ ಡಬ್ಬಿಗಳ ನಡುವೆ ಕೂತು ಕೂತು ತಾನೂ ಚೌಕಾಕಾರ ಆಗಿದ್ದ. ಭಾಮೈದ ಬಾಗಿಲಲ್ಲೇ ಶುರುಮಾಡಿದ. ಕಳ್ಳ ಅಂದ, ಕೊಲೆಗಡುಕ ಅಂದ, ಹಸುಗೂಸಿನ ಜೀವ ಹೋಗುತ್ತಿತ್ತು ಅಂದ. ಗಿರಾಕಿಗಳು ಮೆಲ್ಲಗೆ ಜಾಗ ಬಿಟ್ಟರು. ಡಬ್ಬಿ ಎದುರಾಡಲಿಲ್ಲ. ಬೆಲ್ಟನ್ನು ತೆಗೆದುಕೊಂಡು ಕನ್ನಡಕ ಏರಿಸಿದ.

"ಬೈದು ಮುಗೀತಾ? ಈಗ ಇದನ್ನ ನೋಡು. ಇದು ಜೀವಮಾನ ಪೂರ್ತಿ ಓಡಿರೋ ಬೆಲ್ಟು. ನನ್ನ ಹತ್ರ ನೀನು ತಗೊಂಡ ಮಾಲಿಗೆ ಬೆನ್ನ ಮೇಲೆ ಹಳದಿ ಗೆರೆ ಇರುತ್ತೆ, ಉದ್ದಕ್ಕೂ." ಒಂದು ಹೊಸ ಬೆಲ್ಟು ಬಿಚ್ಚಿ ತೋರಿಸಿದ. ಗೆರೆ ಇತ್ತು. "ಇದರ ಮೇಲೆ ಎಲ್ಲಿದೆ ತೋರಿಸು. ಅಳಿಸಿ ಹೋಗೋ ಬಣ್ಣ ಅಲ್ಲ ಅದು, ರಬ್ಬರಿನ ಒಳಗೇ ಇರೋದು."

ತಾನು ಪೊಟ್ಟಣದಿಂದ ತೆಗೆದ ಬೆಲ್ಟಿನ ಮೇಲೆ ಹಳದಿ ಗೆರೆ ಇದ್ದದ್ದು ಭಾಮೈದನಿಗೆ ಚೆನ್ನಾಗಿ ನೆನಪಿತ್ತು. ಮರೆವು ಅವನಿಗಲ್ಲವಲ್ಲ.

"ಮೇಸ್ತ್ರಿ ಹೇಗಿದಾರೆ?" ಎಂದು ಡಬ್ಬಿ ಮೆತ್ತಗೆ ಕೇಳಿದ. ಆ ಮೆತ್ತನೆಯ ದನಿ ಭಾಮೈದನಿಗೆ ಬೈಗಳಿಗಿಂತ ಕೆಟ್ಟದಾಗಿ ನಾಟಿತು. ಹರಿದ ಬೆಲ್ಟನ್ನು ಕಿತ್ತುಕೊಂಡು ಹೊರಟುಬಿಟ್ಟ.

ನರ್ಸಮ್ಮ ಗಾಬರಿಯಲ್ಲಿ ತನ್ನ ಚೀಲವನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದಳು. ಅದನ್ನು ಕೊಡುವ ನೆಪ ಮಾಡಿಕೊಂಡು ಅವಳ ಮನೆಗೆ ಹೋದ. ನಡೆಯುವಾಗ ಆ ದಿನವನ್ನು ಮತ್ತೆ ಮತ್ತೆ ತಿರುವಿ ಹಾಕಿದ. ಬೆಲ್ಟ್ ಕೆಲಸವನ್ನು ಅವನು ಭಾವನ ಕೈಗೆ ಬಿಡುತ್ತಲೇ ಇರಲಿಲ್ಲ, ಕತ್ತರಿ ಹಿಡಿಯುವುದೊಂದೇ ಭಾವನ ಪಾಲು. ಅಂದು ಹಳೇ ಬೆಲ್ಟು ಬಿಚ್ಚಿ, ಹೊಸದನ್ನು ಪೊಟ್ಟಣದಿಂದ ತೆಗೆದು, ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ಹಲ್ಲು ತಾಳೆ ನೋಡುತ್ತಿದ್ದಾಗ, ತನ್ನ ಮಗಳು ಶಾಲೆಯಲ್ಲಿ ಬಿದ್ದು ಕೈ ಮುರಿದುಕೊಂಡಳೆಂದು ಫೋನು ಬಂತು. ಎದ್ದು ಓಡಿದ. ಹಿಂತಿರುಗಿ ಬಂದಾಗ ಕೆಲಸವೆಲ್ಲ ಮುಗಿದು, ಕವರ್ ಕೂತು, ಇಂಜಿನ್ನು ಗಡಿಯಾರದ ಹಾಗೆ ಓಡುತ್ತಿತ್ತು. ಭಾವ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. "ನೋಡ್ದಾ? ಇನ್ನೂ ಮುಗಿದಿಲ್ಲ ನಾನು" ಅಂದಿದ್ದ. ಭಾಮೈದ ಇಂಜಿನ್ನು ನಿಲ್ಲಿಸಿ, ಕೆಳಗಿನಿಂದ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದ. ಎಲ್ಲೂ ತಡೆಯಲಿಲ್ಲ. ಕವರ್ ಬಿಚ್ಚಿ ನೋಡಬಹುದಿತ್ತು. ಆದರೆ ಎಷ್ಟೋ ತಿಂಗಳ ಮೇಲೆ ಹಾಗೆ ಬೀಗುತ್ತಿದ್ದ ಆ ಮುಖದ ಮುಂದೆ ಕವರ್ ಬಿಚ್ಚಲು ಕೈ ಬರಲಿಲ್ಲ.

ನರ್ಸಮ್ಮನ ಗೇಟಿನ ಚಿಲಕ ಮುರಿದಿತ್ತು. ಎರಡು ಕಂಬಿಗಳನ್ನು ಸೇರಿಸಿ ಕಪ್ಪು ಪಟ್ಟಿಯೊಂದರಿಂದ ಗಂಟು ಹಾಕಿದ್ದಳು. ಹಲ್ಲುಗಳು ಒಂದೂ ಮುಕ್ಕಾಗಿರಲಿಲ್ಲ. ಬೆನ್ನ ಮೇಲೆ ಉದ್ದಕ್ಕೂ ಹಳದಿ ಗೆರೆ.

ಭಾಮೈದ ಗೇಟಿನ ಕಂಬಿ ಹಿಡಿದು ನಿಂತುಬಿಟ್ಟ. ಭಾವ ಹಳೇ ಬೆಲ್ಟನ್ನೇ ಚಕ್ರಗಳ ಗುರುತಿಗೆ ಗುರುತು ಕೂಡಿಸಿ, ಒಂದು ಕೂದಲು ಅತ್ತಿತ್ತ ಆಗದ ಹಾಗೆ ಮತ್ತೆ ಹಾಕಿದ್ದ. ಹೊಸ ಬೆಲ್ಟನ್ನು ಕಚಕ್ಕೆಂದು ಕತ್ತರಿಸಿ ಎರಡೂ ಕೈಯಿಂದ ಕೊಟ್ಟಿದ್ದ. ಕತ್ತಲಲ್ಲಿ ಬೆರಳಾಡಿಸಿ ಹೊಸದು ಹಳೇದು ಹೇಳುತ್ತಿದ್ದ ಮನುಷ್ಯ. ಯಾವ ಮೋಸ ತನ್ನ ಬಾಗಿಲಲ್ಲಿ ನಡೆಯಬಾರದೆಂದು ಆಯುಷ್ಯವಿಡೀ ಕತ್ತರಿ ಹಿಡಿದನೋ ಅದನ್ನೇ ತನ್ನ ಕೈಯಾರೆ ಮಾಡಿದ್ದ.

"ಗಟ್ಟಿ ಇದೆಯಪ್ಪ ಇದು" ಎಂದಳು ನರ್ಸಮ್ಮ, ಚೀಲ ತೆಗೆದುಕೊಳ್ಳುತ್ತ. "ಹಳೇದಾದ್ರೂ ಹೊಸದರ ಹಾಗಿದೆ."

"ಇದನ್ನ ತಗೊಂಡು ಹೋಗ್ತೀನಿ ನರ್ಸಮ್ಮ. ಅಂಗಡಿಯವನಿಗೆ ತೋರಿಸಬೇಕು" ಎಂದು ಸುಳ್ಳು ಹೇಳಿ, ಗೇಟಿಗೆ ಬೇರೆ ತಂತಿ ಕಟ್ಟಿಕೊಟ್ಟು ಬಂದ.

ಅಕ್ಕ ಬಟ್ಟೆ ಮಡಚುತ್ತಿದ್ದಳು. ಭಾಮೈದ ಪಟ್ಟಿಯನ್ನು ಅವಳ ಮುಂದಿಟ್ಟು ನಡೆದದ್ದೆಲ್ಲ ಹೇಳಿದ. ಸೇತುವೆ, ಲಾರಿ, ಬಾಣಂತಿ, ಕೂಸು. ಅಕ್ಕ ಕೇಳುತ್ತ ಕೇಳುತ್ತ ಒಂದೇ ನೀಲಿ ಮೇಲಂಗಿಯನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಮಾಡಿದಳು.

"ಮಾತು ಕೊಟ್ಟಿದ್ದೆ, ಇಲ್ಲ ಅನ್ನಲ್ಲ" ಎಂದಳು ಕೊನೆಗೆ. "ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ಮರುದಿನ ಬೆಳಗ್ಗೆ ಭಾವನ ತಲೆ ತಿಳಿಯಾಗಿದ್ದ ಹೊತ್ತು ನೋಡಿ ಭಾಮೈದ ಬೆಂಚಿನ ಮೇಲೆ ಎರಡನ್ನೂ ಇಟ್ಟ: ಹರಿದ ಹಳೇ ಬೆಲ್ಟು, ಕತ್ತರಿಸಿದ ಹೊಸ ಬೆಲ್ಟು. ಏನೂ ಹೇಳಬೇಕಾಗಲಿಲ್ಲ. ಭಾವ ಮೊದಲನೆಯದರ ಮೇಲೆ ಹೆಬ್ಬೆರಳು ಎಳೆದ, ಎರಡನೆಯದರ ಮೇಲೆ ಎಳೆದ, ಕತ್ತರಿ ಬಿದ್ದ ಅಂಚನ್ನು ಮುಟ್ಟಿ ನೋಡಿದ. ಅಷ್ಟು ನೇರವಾಗಿ ಕತ್ತರಿಸುವ ಕೈ ಊರಿನಲ್ಲಿ ಇನ್ನೊಂದಿಲ್ಲ.

"ಇದು ನನ್ನ ಕೈ" ಎಂದ.

ಭಾಮೈದ ನರ್ಸಮ್ಮನ ಕಾರು ಸೇತುವೆ ಮೇಲೆ ನಿಂತದ್ದನ್ನು ಹೇಳಿದ.

"ಅವರಿಗೇನಾದ್ರೂ ಆಯ್ತಾ?"

"ಇಲ್ಲ ಭಾವ. ಎಲ್ಲರೂ ಚೆನ್ನಾಗಿದಾರೆ."

ಭಾವ ಸ್ಟೂಲಿನ ಮೇಲೆ ಕುಸಿದ. ಆ ಎತ್ತರದ ಮನುಷ್ಯ ಕಣ್ಣೆದುರೇ ಚಿಕ್ಕವನಾದ. ನಂತರ ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಚಿ, ಬೆಂಚಿನ ಮೇಲಿಟ್ಟ. "ಇನ್ನು ನನ್ನನ್ನ ಇಂಜಿನ್ ಮುಟ್ಟಗೊಡಬೇಡ. ನಾನೇ ಅಂಗಲಾಚಿದರೂ ಬಿಡಬೇಡ. ಭಾಷೆ ಕೊಡು." ಅವನು ಚಾಚಿದ ಕೈ ಮೇಲೆ ಭಾಮೈದ ಕೈ ಇಟ್ಟ. ಇಬ್ಬರೂ ಅತ್ತರು, ಮುಚ್ಚುಮರೆ ಇಲ್ಲದೆ ಅತ್ತರು. ದುಃಖದ ನಡುವೆಯೂ ಭಾಮೈದನಿಗೆ ಬೆನ್ನಿನ ಹೊರೆ ಇಳಿದಂತೆ ಅನಿಸಿತು. ಕೆಟ್ಟದ್ದು ಮುಗಿಯಿತು ಎಂದುಕೊಂಡ.

ಮುಗಿದಿರಲಿಲ್ಲ. ಮಾರನೆಯ ಬೆಳಗ್ಗೆ ಭಾವ ಇಸ್ತ್ರಿ ಮಾಡಿದ ಇನ್ನೊಂದು ಮೇಲಂಗಿ ತೊಟ್ಟು, ಬಾಚಿದ ತಲೆಯಲ್ಲಿ ಠೀವಿಯಿಂದ ಬಂದ. ಬಾಯಿ ತೆರೆದು ನಿಂತಿದ್ದ ಕಾರನ್ನು ನೋಡಿ, "ಅರೆ, ನರ್ಸಮ್ಮನ ಗಾಡಿ! ಏನಾಯ್ತೋ? ಬೆಲ್ಟು? ಸಾಧ್ಯವೇ ಇಲ್ಲ. ನಾನೇ ಹಾಕಿದ್ದು. ಕತ್ತರಿಸಿ ಕೈಗೆ ಕೊಟ್ಟಿದೀನಿ" ಅಂದ.

ಭಾಷೆ ಕೊಟ್ಟಾಗಿದೆ, ಸುಮ್ಮನಿರುವಂತಿಲ್ಲ. ಭಾಮೈದ ಮತ್ತೆ ಎರಡನ್ನೂ ಬೆಂಚಿನ ಮೇಲಿಟ್ಟ. ಮತ್ತೆ ಹೆಬ್ಬೆರಳು ಅದೇ ದಾರಿ ಹಿಡಿದು ಹೋಯಿತು. ಆದರೆ ಈ ಸಲ ಭಾವ ಅಳಲಿಲ್ಲ. ಗೋಡೆಗೆ ಮುಖ ಹಾಕಿ ನೆಲದ ಮೇಲೆ ಕೂತವನು ಸಂಜೆಯವರೆಗೂ ಏಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೂ ಇಲ್ಲ, ನೀರು ಕೊಟ್ಟರೂ ಇಲ್ಲ. ಅಕ್ಕ ಓಡಿ ಬಂದು ನೋಡಿದಾಗ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದ.

ಅವನನ್ನು ತೊಳೆದು ಮಲಗಿಸಿ ಬಂದ ಅಕ್ಕ ತಮ್ಮನ ಎದುರು ನಿಂತಳು. "ಒಂದು ಸಲ ಹೇಳು ಅಂದೆ. ದಿನಾ ಸಾಯಿಸು ಅಂದೆನಾ? ಅವರಿಗೆ ನಾಳೆ ಇದು ಇರಲ್ಲ. ನಾಡಿದ್ದು ಇರಲ್ಲ. ಪ್ರತಿ ಸಲ ಹೊಸ ಸಾವು ಕಣೋ ಅದು."

"ಹೇಳದೆ ಇದ್ರೆ ಸ್ಪ್ಯಾನರ್ ಎತ್ಕೋತಾರೆ ಅಕ್ಕ. ನಾನೇನು ಮಾಡಲಿ?"

ಅಕ್ಕ ಮನೆಯಲ್ಲೇ ಕೂಡಿಹಾಕಲು ನೋಡಿದ್ದಳು, ಹಿಂದೊಮ್ಮೆ. ಭಾವ ಹಿತ್ತಲ ಗೋಡೆ ಹತ್ತಿ ಗ್ಯಾರೇಜಿಗೆ ಹೋಗಿದ್ದ.

ಅದರ ಮರುದಿನವೂ ಭಾವ ಬಂದ. ಅದೇ ಠೀವಿ, ಅದೇ "ಅರೆ, ನರ್ಸಮ್ಮನ ಗಾಡಿ!" ಅದೇ "ಸಾಧ್ಯವೇ ಇಲ್ಲ". ಈ ಸಲ ಪಟ್ಟಿಗಳನ್ನು ಮುಚ್ಚಿಡುವುದಕ್ಕೂ ಭಾಮೈದನಿಗೆ ಹೊತ್ತು ಸಿಗಲಿಲ್ಲ. ಭಾವ ತಾನೇ ಬೆಂಚಿನ ಹತ್ತಿರ ಹೋಗಿ, ತಾನೇ ಹೆಬ್ಬೆರಳು ಎಳೆದು, ಮುಖ ಎತ್ತಿದ. ಆ ಮುಖದಲ್ಲಿ ಅದು ಮೂಡುತ್ತಿರುವುದು ಕಾಣಿಸಿತು. ಇನ್ನೊಂದು ಗಳಿಗೆ ಬಿಟ್ಟರೆ "ಇದು ನನ್ನ ಕೈ" ಅನ್ನುತ್ತಾನೆ.

"ನಾನು ಹಾಕಿದ್ದು ಭಾವ" ಎಂದುಬಿಟ್ಟ ಭಾಮೈದ. "ಹಳೇದನ್ನೇ ಹಾಕಿದೆ. ಹೊಸದನ್ನ ನಿಮ್ಮ ಕೈಗೆ ಕೊಟ್ಟು ಕತ್ತರಿಸಿ ಅಂದೆ. ನೀವು ನನ್ನ ನಂಬಿ ಕತ್ತರಿಸಿದ್ರಿ."

ಭಾವ ಬೆಲ್ಟುಗಳನ್ನು ಬೆಂಚಿನ ಮೇಲೆ ಎಸೆದ. ಆಮೇಲೆ ಕೆನ್ನೆಗೆ ಹೊಡೆದ. ಭಾಮೈದ ಚಿಕ್ಕವನಿದ್ದಾಗ ಬಿದ್ದ ಏಟುಗಳಷ್ಟೇ ಜೋರಾಗಿತ್ತು, ಕೈಗೆ ಮರೆವು ಬಂದಿರಲಿಲ್ಲ. "ಇದನ್ನಾ ನಾನು ನಿನಗೆ ಕಲಿಸಿದ್ದು? ನನ್ನ ಬಾಗಿಲಲ್ಲಿ ಇದಾ? ಹೆತ್ತ ಮಗನ ಹಾಗೆ ನೋಡ್ಕೊಂಡೆ ನಿನ್ನ!" ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ನೋಡಿದ. ಬೀದಿಯಲ್ಲಿ ಹೋಗುವವರು ನಿಂತರು. ಭಾಮೈದ ಕೆನ್ನೆ ಹಿಡಿದುಕೊಳ್ಳಲೂ ಇಲ್ಲ. ಭಾವ ಗೋಡೆಗೆ ಮುಖ ಹಾಕಿ ಕೂರುವುದಕ್ಕಿಂತ ಇದು ಸಾವಿರ ಪಾಲು ವಾಸಿ, ನಾಳೆ ಹೇಗೂ ಮರೆಯುತ್ತಾನೆ ಎಂದುಕೊಂಡ.

ಆದರೆ ಇದೊಂದನ್ನು ಭಾವ ಮರೆಯಲಿಲ್ಲ. ಎಲ್ಲವನ್ನೂ ನುಂಗಿದ ಆ ಕಾಯಿಲೆ ಇದನ್ನು ಮಾತ್ರ ಉಗುಳಿ ಇಟ್ಟುಕೊಂಡಿತು. ಮರುದಿನ ಭಾವ ಮಾತಾಡಿಸಲಿಲ್ಲ. ಕಾರನ್ನು ನೋಡಿ ಏನಾಯಿತೆಂದು ಕೇಳಲಿಲ್ಲ. ಬಂದ ಗಿರಾಕಿಗಳಿಗೆಲ್ಲ ತಾನೇ ಹೇಳಿದ: "ನಮ್ಮವನು ನರ್ಸಮ್ಮನ ಗಾಡಿಗೆ ಹಳೇ ಬೆಲ್ಟ್ ಹಾಕಿದಾನೆ ಸ್ವಾಮಿ. ಮುಚ್ಚಿಡೋದು ನನ್ನ ಜಾಯಮಾನ ಅಲ್ಲ." ಹಾಗೆ ಕೇಳಿದವರು ಭಾಮೈದನನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಗಾಡಿಯನ್ನು ಇನ್ನೊಮ್ಮೆ ತರುತ್ತೇವೆಂದು ಹೋದರು. ನಿಜ ಹೇಳಬೇಕೆಂದು ಭಾಮೈದನ ನಾಲಿಗೆಯ ತುದಿಗೆ ಬರುತ್ತಿತ್ತು. ಬೆನ್ನ ಹಿಂದೆ ಭಾವ ನಿಂತಿರುತ್ತಿದ್ದ.

ಲೇತ್ ಅಂಗಡಿಯಿಂದ ಹೆಡ್ ಬಂತು. ಭಾಮೈದ ಅದನ್ನು ಕೂರಿಸಿ, ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಸೇರಿಸಿ, ಹಳದಿ ಗೆರೆಯ ಹೊಸ ಬೆಲ್ಟು ಏರಿಸಿದ. ಭಾವ ಪಕ್ಕದಲ್ಲಿ ನಿಂತು ಒಂದೊಂದು ಬೋಲ್ಟನ್ನೂ ನೋಡಿದ. ಬಿಗಿಯುವ ಗಾಲಿಯನ್ನು ಎಷ್ಟು ಒತ್ತಬೇಕು, ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ಎಷ್ಟು ತಿರುಚಿದರೆ ಸರಿ ಎಂದು ಹೇಳಿದ, ಎಲ್ಲವೂ ಸರಿಯಾಗಿಯೇ ಹೇಳಿದ. ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುವಾಗ ಭಾಮೈದನ ಕೈ ಮೇಲೆ ತನ್ನ ಕೈ ಇಟ್ಟ, ಮೊದಲ ಸಲ ಕಲಿಸಿದ ದಿನದ ಹಾಗೆ. "ತಡೆದರೆ ನಿಲ್ಲು. ಬಲ ಹಾಕಬೇಡ. ಇಂಜಿನ್ ತಾನೇ ಹೇಳುತ್ತೆ." ತಡೆಯಲಿಲ್ಲ. ಕೀಲಿ ತಿರುಗಿಸಿದಾಗ ಹಳೇ ಇಂಜಿನ್ನು ಕೆಮ್ಮಿ, ಹೊಗೆ ಬಿಟ್ಟು, ಓಡತೊಡಗಿತು.

ನರ್ಸಮ್ಮ ಬಂದಾಗ ಭಾವ ಅವಳ ಮುಂದೆ ಕೈ ಮುಗಿದ. "ನಮ್ಮ ಭಾಮೈದನಿಂದ ತಪ್ಪಾಗಿದೆ ತಾಯಿ. ಹೊಟ್ಟೆಗೆ ಹಾಕ್ಕೊಳ್ಳಿ." ಬೆಲ್ಟು ಹಾಕಿದ್ದು ಯಾರೆಂದು ನರ್ಸಮ್ಮನಿಗೆ ಗೊತ್ತಿತ್ತು, ಅಂದು ಅವಳು ಇಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಭಾಮೈದನ ಮುಖ ನೋಡಿದಳು. ಇಂಥ ಕಾಯಿಲೆಯವರನ್ನು ಎಷ್ಟು ಜನರನ್ನು ನೋಡಿದವಳೋ, "ಆಗುತ್ತೆ ಮೇಸ್ತ್ರಿ" ಎಂದಷ್ಟೇ ಹೇಳಿದಳು. ಭಾವ ಹರಿದ ಬೆಲ್ಟನ್ನು ತಂದು, ಅದನ್ನೂ ಕತ್ತರಿಯಿಂದ ತುಂಡು ಮಾಡಿ, ಎರಡೂ ಕೈಯಿಂದ ಕೊಟ್ಟ. ಕತ್ತರಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಕಾರು ಹೋದ ಮೇಲೆ ಭಾವ ಎರಡು ಲೋಟ ಚಹಾ ತರಿಸಿ, ಭಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೊಡೆದದ್ದಕ್ಕೆ ಬೇಜಾರು ಮಾಡ್ಕೋಬೇಡ. ನಾನು ಯೋಚನೆ ಮಾಡಿದೆ. ನೀನು ಮೋಸ ಮಾಡೋನಲ್ಲ. ನಿನಗೆ ಮರೆವು ಬಂದಿದೆ ಕಣೋ."

ಭಾಮೈದ ಲೋಟ ಕೆಳಗಿಟ್ಟ.

"ನಾನು ನೋಡ್ತಾನೇ ಇದೀನಿ. ಬಿಗಿದ ಬೋಲ್ಟನ್ನೇ ಮತ್ತೆ ಬಿಗೀತೀಯ. ನಾನು ಮಾಡಿ ಬಂದ ಕೆಲಸದ ಹತ್ತಿರ ಹೋಗಿ ನಿಂತುಬಿಡ್ತೀಯ. ಗಿರಾಕಿಗಳ ಕೀಲಿ ಎಲ್ಲ ನಿನ್ನ ಜೇಬಲ್ಲಿರುತ್ತೆ. ನಿನಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ." ಭಾವ ಅವನ ತೊಡೆಯ ಮೇಲೆ ಕೈ ಇಟ್ಟ. "ಕಾಯಿಲೆ ಅದು, ನಿನ್ನ ತಪ್ಪಲ್ಲ. ಆದರೆ ಇನ್ನು ನೀನು ಇಂಜಿನ್ ಮುಟ್ಟಬಾರದು. ಯಾರದಾದ್ರೂ ಜೀವ ಹೋಗುತ್ತೆ."

ಇಲ್ಲ ಭಾವ, ಕಾಯಿಲೆ ನಿಮಗೆ. ಆ ಮಾತು ಬಾಯಿಗೆ ಬಂದಿತ್ತು. ಹೇಳಿದ್ದರೆ ತನ್ನ ಕೆಲಸ, ತನ್ನ ಹೆಸರು, ತನ್ನ ಇಷ್ಟು ವರ್ಷದ ಬದುಕು ಉಳಿಯುತ್ತಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಅಂದಿನ ಗೋಡೆ, ಗೋಡೆಗೆ ಮುಖ ಹಾಕಿದ ಭಾವ.

"ನೀವು?" ಎಂದು ಮಾತ್ರ ಕೇಳಿದ.

"ನಾನೂ ಬಿಡ್ತೀನಿ. ನಿನ್ನನ್ನ ಮನೇಲಿ ಕೂರಿಸಿ ನಾನೊಬ್ಬನೇ ಇಲ್ಲಿ ಸ್ಪ್ಯಾನರ್ ಹಿಡಿದರೆ ಚೆನ್ನಾಗಿರುತ್ತಾ? ನೀನು ಒಬ್ಬನೇ ಇದ್ರೆ ಕೊರಗಿ ಸಾಯ್ತೀಯ. ಗ್ಯಾರೇಜ್ ಮುಚ್ಚೋಣ. ಇಬ್ಬರೂ ಒಟ್ಟಿಗೆ ಕೂತಿರೋಣ."

ಡಾಕ್ಟರಿಗೆ, ಅಕ್ಕನಿಗೆ, ಎರಡು ಬೆಲ್ಟು ತುಂಡುಗಳಿಗೆ ಆಗದ್ದು ಹೀಗೆ ಆಯಿತು. ತನಗಾಗಿ ಒಂದು ದಿನವೂ ಬಿಡಲಾರದ ಗ್ಯಾರೇಜನ್ನು ಭಾವ ಭಾಮೈದನಿಗಾಗಿ ಬಿಟ್ಟ. ಭಾಮೈದನಿಗೆ ಕಿರುಚಬೇಕು ಅನಿಸಿತು. ಕಿರುಚಲಿಲ್ಲ. ಈ ವಯಸ್ಸಿನಲ್ಲಿ, ಹಳೇ ಬೆಲ್ಟು ಹಾಕಿದವನೆಂಬ ಹೆಸರು ಹೊತ್ತು, ಯಾವ ಬಾಗಿಲಿಗೆ ಹೋಗಿ ಕೆಲಸ ಕೇಳುವುದು ಎಂದು ಯೋಚಿಸಿದ. ಯಾವ ಬಾಗಿಲೂ ಹೊಳೆಯಲಿಲ್ಲ. "ಸರಿ ಭಾವ" ಎಂದ.

ಸ್ಪ್ಯಾನರುಗಳನ್ನು ಒರೆಸಿ ಅಳತೆಯ ಪ್ರಕಾರ ಗೋಡೆಗೆ ತೂಗುಹಾಕಿದರು. ದೊಡ್ಡ ಕತ್ತರಿಗೆ ಭಾವ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ. ಇಬ್ಬರೂ ಸೇರಿ ಷಟರ್ ಎಳೆದರು. ಭಾವ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಭಾಮೈದನ ಹೆಗಲ ಮೇಲೆ ಕೈ ಹಾಕಿಕೊಂಡು, ದಾರಿ ತಪ್ಪುವವನನ್ನು ನಡೆಸುವ ಹಾಗೆ ಮೆಲ್ಲಗೆ ಮನೆಗೆ ಕರೆತಂದ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ.

"ನಿನ್ನ ತಮ್ಮನಿಗೆ ಕೊಡಬೇಡ" ಎಂದು ಪಿಸುಗುಟ್ಟಿದ. "ಪಾಪ, ಎಲ್ಲಿಟ್ಟೆ ಅಂತ ಮರೆತುಬಿಡ್ತಾನೆ."